ಮೊದಲು ಗೇಟ್ ಇಳಿಸುವುದನ್ನು ಕಲಿಯಿರಿ

ಪ್ರಶ್ನೆ: ನಾನು ಸಿಂಧನೂರು ಕಡೆಯವನು, ಬಳ್ಳಾರಿಯಲ್ಲಿ ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಕೊನೆ ವರ್ಷ ಓದುತ್ತಿದ್ದೇನೆ. ನಮ್ಮ ಗೈಡ್ ಅಮೆರಿಕದ ಯೂಟಾ ವಿಶ್ವವಿದ್ಯಾಲಯದ, ಇಂಟರ್ನೆಟ್ ಮೂಲಕ ದೂರದಿಂದಲೇ ರೇಡಿಯೋ ಪ್ರಯೋಗ ಮಾಡಬಹುದಾದ ಪೌಡರ್ ಟೆಸ್ಟ್‌ಬೆಡ್‌ನಲ್ಲಿ ಪ್ರಾಜೆಕ್ಟ್ ತೆರೆದಿದ್ದಾರೆ. ಅಲ್ಲಿನ ಓಪನ್‌ಝಡ್‌ಎಂಎಸ್ ಅನ್ನುವ ಸ್ಪೆಕ್ಟ್ರಮ್ (ರೇಡಿಯೋ ಫ್ರೀಕ್ವೆನ್ಸಿಗಳ) ಹಂಚಿಕೆ ಸಾಫ್ಟ್‌ವೇರ್ ಬಳಸಿ ಪ್ರಾಜೆಕ್ಟ್ ಮಾಡಬೇಕು. ನಮ್ಮ ಹತ್ತಿರ ರೇಡಿಯೋ ಇಲ್ಲ, ಮೂರು ತಿಂಗಳು ಟೈಮ್ ಇದೆ. ಎರಡು ಸಲ ರಾತ್ರಿ ಎಕ್ಸ್‌ಪರಿಮೆಂಟ್ ಶುರು ಮಾಡಿದೆ, ಮರುದಿನ ಸಂಜೆ ನೋಡಿದರೆ ಎಲ್ಲ ಅಳಿಸಿಹೋಗಿತ್ತು. ಎಲ್ಲಿಂದ ಶುರು ಮಾಡಲಿ ಸರ್?

ಉತ್ತರ: ಮೊದಲ ಹದಿನೈದು ದಿನ ರೇಡಿಯೋ ಮುಟ್ಟಲೇಬೇಡಿ. ನಿಮ್ಮ ಹತ್ತಿರ ರೇಡಿಯೋ ಇಲ್ಲ ಅನ್ನುವುದು ಈ ಕೆಲಸಕ್ಕೆ ಅಡ್ಡಿಯೇ ಆಗುವುದಿಲ್ಲ. ಪೌಡರ್ ಅಂದ ಕೂಡಲೇ ಸಾಲ್ಟ್ ಲೇಕ್ ಸಿಟಿಯ ಮಾಳಿಗೆಗಳ ಮೇಲೆ ನಿಂತ ಆಂಟೆನಾಗಳು ಕಣ್ಣಿಗೆ ಬರುತ್ತವೆ, ಅವುಗಳಿಂದ ಸಿಗ್ನಲ್ ಬಿಡಬೇಕು ಅನ್ನುವ ಆಸೆ ಯಾರಿಗಾದರೂ ಆಗುತ್ತದೆ. ಆದರೆ ಸ್ಪೆಕ್ಟ್ರಮ್ ಹಂಚಿಕೆಯಲ್ಲಿ ಸಿಗ್ನಲ್ ಬಿಡುವುದು ಸುಲಭದ ಭಾಗ. ಹೇಳಿದ ಹೊತ್ತಿಗೆ, ಹೇಳಿದಷ್ಟು ಬೇಗ ನಿಲ್ಲಿಸುವುದೇ ಕಷ್ಟದ ಭಾಗ. ಅದನ್ನು ಕಲಿಯಲು ಒಂದು ಕಂಪ್ಯೂಟರ್ ಸಾಕು.

ನೀವು ಸಿಂಧನೂರಿನವರು, ಹಾಗಾಗಿ ನಿಮಗೆ ಹೇಳುವುದು ನನಗೆ ಸುಲಭ. ತುಂಗಭದ್ರಾ ಎಡದಂಡೆ ಕಾಲುವೆ ನೋಡಿಕೊಂಡೇ ಬೆಳೆದಿದ್ದೀರಿ. ಡ್ಯಾಮಿನಲ್ಲಿ ಎಷ್ಟು ನೀರಿದೆ ನೋಡಿ ನೀರಾವರಿ ಸಲಹಾ ಸಮಿತಿಯ (ಐಸಿಸಿ) ಸಭೆಯಲ್ಲಿ ಎಷ್ಟು ದಿನ, ಎಷ್ಟು ನೀರು ಅಂತ ತೀರ್ಮಾನ ಆಗುತ್ತದೆ. ಕುಡಿಯುವ ನೀರಿಗೆ ಮೊದಲ ಪಾಲು, ಅದರ ಬಗ್ಗೆ ಯಾರೂ ತಕರಾರು ಮಾಡುವುದಿಲ್ಲ. ಆಮೇಲೆ ಉಪಕಾಲುವೆಗಳಿಗೆ ಸರದಿ. ಸರದಿ ಮುಗಿದ ಮೇಲೂ ಮೇಲ್ಭಾಗದವರು ತೂಬು ಮುಚ್ಚದಿದ್ದರೆ ಕೊನೆ ಭಾಗದ ಹೊಲಕ್ಕೆ ನೀರು ಹತ್ತುವುದಿಲ್ಲ. ಕಾಗದದ ಮೇಲೆ ಹಂಚಿಕೆ ಎಷ್ಟೇ ಚೆನ್ನಾಗಿದ್ದರೂ ಗೇಜ್ ನೋಡುವವರು ಬೇಕೇ ಬೇಕು. ಸ್ಪೆಕ್ಟ್ರಮ್ ಹಂಚಿಕೆಯ ಸಾಫ್ಟ್‌ವೇರ್ ಈ ಮೂರೂ ಕೆಲಸ ಮಾಡುತ್ತದೆ: ಸಭೆಯ ತೀರ್ಮಾನ, ತೂಬಿನ ಸರದಿ, ಗೇಜಿನ ಕಾವಲು.

ಅಮೆರಿಕದಲ್ಲಿ ಇದು ನಿಜವಾಗಿ ಓಡುತ್ತಿರುವುದು 3550ರಿಂದ 3700 ಮೆಗಾಹರ್ಟ್ಸ್‌ವರೆಗಿನ ಫ್ರೀಕ್ವೆನ್ಸಿ ಪಟ್ಟಿಯಲ್ಲಿ. ಅದಕ್ಕೆ ಸಿಬಿಆರ್‌ಎಸ್ ಅನ್ನುತ್ತಾರೆ, ನಿಯಮ ಬಂದದ್ದು 2015ರಲ್ಲಿ. ಅಲ್ಲಿ ಮೊದಲಿನಿಂದ ಇದ್ದದ್ದು ನೌಕಾಪಡೆಯ ರೇಡಾರ್, ಉಪಗ್ರಹದ ನೆಲಕೇಂದ್ರ ಇಂಥವು. ಕುಡಿಯುವ ನೀರಿನ ಹಾಗೆ ಅವರದು ಮೊದಲ ಹಕ್ಕು. ಎರಡನೆಯವರು 2020ರ ಹರಾಜಿನಲ್ಲಿ ದುಡ್ಡು ಕೊಟ್ಟು 10 ಮೆಗಾಹರ್ಟ್ಸ್ ತುಂಡುಗಳ ಲೈಸೆನ್ಸ್ ಪಡೆದವರು. ಮೂರನೆಯವರು ಉಳಿದದ್ದನ್ನು ಬಳಸುವ ಸಾಮಾನ್ಯರು. ಯಾರು ಯಾವಾಗ ಎಲ್ಲಿ ಎಷ್ಟು ಪವರ್‌ನಲ್ಲಿ ಬಿಡಬಹುದು ಅಂತ ಹೇಳುವ ಸರ್ವರ್‌ಗೆ ಸ್ಯಾಸ್ ಅಂತ ಹೆಸರು. ಕಾಲುವೆಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ, ಅದನ್ನು ಮರೆಯಬೇಡಿ. ಇವತ್ತು ಬಳಸದ ನೀರು ಡ್ಯಾಮಿನಲ್ಲಿ ನಾಳೆಗೆ ಉಳಿಯುತ್ತದೆ. ಇವತ್ತು ಬಳಸದ ಸ್ಪೆಕ್ಟ್ರಮ್ ಇವತ್ತಿಗೇ ಹೋಯಿತು, ನಾಳೆಗೆ ಕೂಡಿಡಲು ಬರುವುದಿಲ್ಲ. ಹಾಗಾಗಿಯೇ ಖಾಲಿ ಬಿದ್ದ ಹೊತ್ತನ್ನು ಇನ್ನೊಬ್ಬರಿಗೆ ಕೊಡುವುದಕ್ಕೆ ಇಷ್ಟು ಜನ ತಲೆ ಕೆಡಿಸಿಕೊಂಡಿರುವುದು.

ಓಪನ್‌ಝಡ್‌ಎಂಎಸ್ ತೆರೆಯುವ ಮುಂಚೆ ಸ್ಯಾಸ್ ಮತ್ತು ರೇಡಿಯೋ ನಡುವಿನ ಮಾತುಕತೆಯನ್ನು ಒಂದು ಸಲ ಓದಿಕೊಳ್ಳಿ. ಸುಮ್ನೆ ಒಂದು ಮಧ್ಯಾಹ್ನದ ಕೆಲಸ, ಆದರೆ ಮೂರು ತಿಂಗಳೂ ಉಪಯೋಗಕ್ಕೆ ಬರುತ್ತದೆ. ರೇಡಿಯೋ ಮೊದಲು ತನ್ನ ಹೆಸರು, ಜಾಗ, ಆಂಟೆನಾ ಎತ್ತರ ಹೇಳಿ ನೋಂದಾಯಿಸಿಕೊಳ್ಳುತ್ತದೆ. ಯಾವ ಚಾನೆಲ್ ಖಾಲಿ ಇದೆ ಅಂತ ಕೇಳುತ್ತದೆ. ಆಮೇಲೆ ಗ್ರಾಂಟ್ ಕೇಳುತ್ತದೆ, ಅಂದರೆ ಅನುಮತಿ. ಗ್ರಾಂಟ್ ಸಿಕ್ಕಿತು ಅಂತ ಆಗಲೇ ಸಿಗ್ನಲ್ ಬಿಡುವ ಹಾಗಿಲ್ಲ, ಹೊಸಬರು ಎಡವುವುದು ಇಲ್ಲೇ. ಗ್ರಾಂಟ್ ಬಂದ ಮೇಲೆ, ಇದ್ದೇನೆ, ಬಿಡಲಾ ಅಂತ ಕೇಳುವ ಹಾರ್ಟ್‌ಬೀಟ್ ಕಳಿಸಬೇಕು, ಅದಕ್ಕೆ ಸರಿ ಅಂತ ಉತ್ತರ ಬಂದರೆ ಮಾತ್ರ ಬಿಡಬಹುದು. ಆ ಉತ್ತರದಲ್ಲಿ ಒಂದು ಹೊತ್ತು ಬರೆದಿರುತ್ತದೆ: ಇಷ್ಟು ಗಂಟೆವರೆಗೆ ಮಾತ್ರ ಬಿಡು ಅಂತ. ಅದು ಆ ಕ್ಷಣದಿಂದ ಹೆಚ್ಚೆಂದರೆ 240 ಸೆಕೆಂಡ್. ಅದರೊಳಗೆ ಮತ್ತೆ ಹಾರ್ಟ್‌ಬೀಟ್ ಕಳಿಸಿ ಹೊಸ ಹೊತ್ತು ಪಡೆಯಬೇಕು. ಪಡೆಯದಿದ್ದರೆ, ಹೊತ್ತು ಮೀರಿದ 60 ಸೆಕೆಂಡಿನೊಳಗೆ ರೇಡಿಯೋ ಬಾಯಿ ಮುಚ್ಚಬೇಕು. ಒಟ್ಟು ಹೆಚ್ಚೆಂದರೆ 300 ಸೆಕೆಂಡ್.

ಈ ಏರ್ಪಾಡಿನ ಜಾಣತನ ಏನು ಅಂದರೆ, ನಿಲ್ಲು ಅಂತ ಕೂಗಿ ಹೇಳುವ ಅಗತ್ಯವೇ ಇಲ್ಲ. ಇಂಟರ್ನೆಟ್ ಹೋದರೂ, ಸರ್ವರ್ ಬಿದ್ದರೂ, ಅನುಮತಿ ತಾನಾಗಿ ಮುಗಿಯುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟ್ ಕೊಚ್ಚಿಹೋದದ್ದು ನಿಮಗೂ ನೆನಪಿರುತ್ತದೆ ಅಲ್ವಾ. ಆ ವಾರ ನಮ್ಮ ನಾಲ್ಕೂ ಕಡೆಯ ಜನ ನಿದ್ದೆ ಮಾಡಲಿಲ್ಲ. ಹರಿಯುವ ನೀರಿನಲ್ಲೇ ತಾತ್ಕಾಲಿಕ ತಡೆಯಾದ ಸ್ಟಾಪ್‌ಲಾಗ್ ಇಳಿಸಿ ತಡೆಯುವಷ್ಟರಲ್ಲಿ ಎಷ್ಟು ನೀರು ಹೋಯಿತು! ತೆರೆಯಲು ಬರುವ, ಮುಚ್ಚಲು ಬಾರದ ಗೇಟ್ ಎಂಥದ್ದು ಅಂತ ನಾವು ಕಣ್ಣಾರೆ ನೋಡಿದ್ದೇವೆ. ನಿಮ್ಮ ಸಾಫ್ಟ್‌ವೇರ್ ಬರೆಯುವಾಗ ಆ ರಾತ್ರಿಯನ್ನು ನೆನಪಿಟ್ಟುಕೊಳ್ಳಿ.

ಈಗ ಓಪನ್‌ಝಡ್‌ಎಂಎಸ್‌ಗೆ ಬರೋಣ. ಸ್ಯಾಸ್ ಇಡೀ ದೇಶದ ಒಂದು ಪಟ್ಟಿಗೆ ಅಂತ ಕಟ್ಟಿದ್ದು. ಓಪನ್‌ಝಡ್‌ಎಂಎಸ್ ಒಂದು ವಲಯಕ್ಕೆ ಅಂತ ಯೂಟಾದವರು ಬರೆದ ಮುಕ್ತ ಸಾಫ್ಟ್‌ವೇರ್: ಒಂದು ಕ್ಯಾಂಪಸ್, ಒಂದು ಪ್ರಯೋಗದ ಪ್ರದೇಶ, ಅಲ್ಲಿ ಬೇರೆ ಬೇರೆ ಗುಂಪುಗಳು ಒಂದೇ ಸ್ಪೆಕ್ಟ್ರಮ್ ಹಂಚಿಕೊಳ್ಳಬೇಕು. ಒಳಗೆ ನಾಲ್ಕು ಮುಖ್ಯ ಸರ್ವಿಸ್‌ಗಳಿವೆ. ಐಡೆಂಟಿಟಿ ಅನ್ನುವುದು ಯಾರು ಯಾರು ಅಂತ ನೋಡುತ್ತದೆ, ಟೋಕನ್, ಅಂದರೆ ಗುರುತಿನ ಚೀಟಿ, ಕೊಡುತ್ತದೆ. ಝಡ್‌ಎಂಸಿ ಅನ್ನುವುದು ನಮ್ಮ ಐಸಿಸಿ ಸಭೆ, ಗ್ರಾಂಟ್ ಕೊಡುವುದು, ವಾಪಸ್ ಪಡೆಯುವುದು ಅದೇ. ಡಿಎಸ್‌ಟಿ ಅನ್ನುವುದು ಮಾನಿಟರ್‌ಗಳು, ಅಂದರೆ ಕೇಳುವುದಕ್ಕೇ ಇಟ್ಟ ರೇಡಿಯೋಗಳು, ಗಾಳಿಯಲ್ಲಿ ಕಂಡದ್ದನ್ನು, ಸಿಗ್ನಲ್ ಎಲ್ಲೆಲ್ಲಿ ಮುಟ್ಟುತ್ತದೆ ಅನ್ನುವ ನಕ್ಷೆಗಳನ್ನು ಇಟ್ಟುಕೊಳ್ಳುತ್ತದೆ. ಅಲಾರ್ಮ್ ಅನ್ನುವುದು ಗೇಜ್ ನೋಡಿ ಯಾರಿಗೆ ಯಾರಿಂದ ತೊಂದರೆ ಆಗುತ್ತಿದೆ ಅಂತ ಗುರುತಿಸುವ ಕೆಲಸಕ್ಕೆ. ಒಂದೊಂದು ಗುಂಪಿಗೂ ಎಲಿಮೆಂಟ್ ಅಂತ ಹೆಸರು. ಎಲಿಮೆಂಟ್ ತನ್ನ ರೇಡಿಯೋ, ಆಂಟೆನಾ, ಜಾಗ ಎಲ್ಲ ಬರೆಸಿ, ಇಂತಿಷ್ಟು ಫ್ರೀಕ್ವೆನ್ಸಿ, ಇಂತಿಷ್ಟು ಪವರ್, ಇಂತಿಷ್ಟು ಹೊತ್ತು ಬೇಕು ಅಂತ ಗ್ರಾಂಟ್ ಕೇಳುತ್ತದೆ. ಎಲ್ಲ ಸರ್ವಿಸ್‌ಗಳೂ ಡಾಕರ್ ಕಂಟೇನರ್‌ಗಳಾಗಿ, ಅಂದರೆ ಒಂದೇ ಕಂಪ್ಯೂಟರ್‌ನಲ್ಲಿ ಬೇರೆ ಬೇರೆ ಡಬ್ಬಿಗಳ ಹಾಗೆ, ಓಡುತ್ತವೆ. ಹಾಗಾಗಿ ರೇಡಿಯೋ ಇಲ್ಲದ ಒಂದೇ ಒಂದು ಕಂಪ್ಯೂಟರ್‌ನಲ್ಲಿ (ಪೌಡರ್‌ನಲ್ಲಿ ಅದಕ್ಕೆ ನೋಡ್ ಅನ್ನುತ್ತಾರೆ) ಪೂರ್ತಿ ಏಳಿಸಬಹುದು.

ನಿಮ್ಮ ಎಕ್ಸ್‌ಪರಿಮೆಂಟ್ ಯಾಕೆ ಅಳಿಸಿಹೋಯಿತು ಅನ್ನುವುದನ್ನು ಈಗಲೇ ಹೇಳಿಬಿಡುತ್ತೇನೆ. ಪೌಡರ್‌ನಲ್ಲಿ ಎಕ್ಸ್‌ಪರಿಮೆಂಟ್ ಶುರು ಮಾಡಿದಾಗ ಸಾಮಾನ್ಯವಾಗಿ 16 ಗಂಟೆ ಸಿಗುತ್ತದೆ. ರಾತ್ರಿ 10ಕ್ಕೆ ಶುರು ಮಾಡಿದರೆ ಮರುದಿನ ಮಧ್ಯಾಹ್ನ 2ಕ್ಕೆ ಮುಗಿಯಿತು. ಮುಗಿದ ಮೇಲೆ ಆ ಕಂಪ್ಯೂಟರ್ ಬೇರೆಯವರಿಗೆ, ಡಿಸ್ಕಿನಲ್ಲಿದ್ದದ್ದೆಲ್ಲ ಹೋಗುತ್ತದೆ. ಇದು ತಪ್ಪಲ್ಲ, ಅದೂ ಒಂದು ಸರದಿಯೇ. ಬೇಕಾದರೆ ಮುಗಿಯುವ ಮುಂಚೆ ಕಾರಣ ಬರೆದು ಎಕ್ಸ್‌ಟೆಂಡ್ ಕೇಳಬಹುದು. ಆದರೆ ಅದಕ್ಕಿಂತ ಒಳ್ಳೆಯ ಅಭ್ಯಾಸ ಅಂದರೆ, ಯಾವಾಗ ಅಳಿಸಿದರೂ ಅರ್ಧ ಗಂಟೆಯಲ್ಲಿ ಮತ್ತೆ ಏಳಿಸುವ ಹಾಗೆ ಕೆಲಸ ಮಾಡುವುದು. ಪೌಡರ್‌ನಲ್ಲಿ ಪ್ರೊಫೈಲ್ ಅಂತ ಇರುತ್ತದೆ. ಯಾವ ನೋಡ್ ಬೇಕು, ಯಾವ ರೇಡಿಯೋ ಬೇಕು, ಎದ್ದ ಮೇಲೆ ಯಾವ ಸ್ಕ್ರಿಪ್ಟ್ ಓಡಬೇಕು ಅಂತ ಪೈಥಾನ್‌ನಲ್ಲಿ ಬರೆದ ಚೀಟಿ ಅದು. ಅದನ್ನು ಫೈಲುಗಳನ್ನು ಕಾಯ್ದಿಡುವ ಗಿಟ್ ರೆಪಾಸಿಟರಿಯಲ್ಲಿ ಇಡಬಹುದು. ಇಟ್ಟರೆ ಪ್ರತಿ ನೋಡ್‌ನಲ್ಲೂ ಆ ರೆಪಾಸಿಟರಿ ತಾನೇ ಬಂದು ಕೂತಿರುತ್ತದೆ. ಓಪನ್‌ಝಡ್‌ಎಂಎಸ್‌ಗೆ ಅಂತ ಪ್ರೊಫೈಲ್ ಇದೆ, ಅದನ್ನು ನಿಮ್ಮ ಹೆಸರಿನಲ್ಲಿ ಕಾಪಿ ಮಾಡಿಕೊಂಡು ನಿಮ್ಮ ಸ್ಕ್ರಿಪ್ಟ್‌ಗಳನ್ನು ಅದರ ಜೊತೆಗೆ ಸೇರಿಸಿ. ಕೈಯಾರೆ ಟೈಪ್ ಮಾಡಿದ ಯಾವ ಕಮಾಂಡನ್ನೂ ನೋಡ್‌ನಲ್ಲೇ ಬಿಟ್ಟು ಏಳಬೇಡಿ. ಅಳತೆಯ ಫೈಲುಗಳನ್ನು ಪ್ರಾಜೆಕ್ಟಿನ ಹಂಚಿಕೆ ಫೋಲ್ಡರಿಗೆ ಕಾಪಿ ಮಾಡಿ.

ಇನ್ನೆರಡು ಸಣ್ಣ ವಿಷಯ. ನೋಡ್ ಹಸಿರಾಗಿ ರೆಡಿ ಅಂತ ತೋರಿಸಿದರೂ ಸ್ಟಾರ್ಟಪ್ ಸ್ಕ್ರಿಪ್ಟ್ ಇನ್ನೂ ಓಡುತ್ತಿರಬಹುದು, ಅದು ಮುಗಿಯಿತು ಅಂತ ತೋರಿಸುವವರೆಗೆ ಕಾಯಿರಿ. ಎಷ್ಟೋ ಜನ ಆ ಹತ್ತು ನಿಮಿಷ ತಾಳದೆ, ವೆಬ್ ಪೇಜ್ ತೆರೆಯುತ್ತಿಲ್ಲ ಅಂತ ಎಲ್ಲ ಕೆಡವಿ ಮೊದಲಿಂದ ಶುರು ಮಾಡುತ್ತಾರೆ. ಮತ್ತೆ, ಎಸ್‌ಎಸ್‌ಎಚ್‌ನಲ್ಲಿ, ಅಂದರೆ ಇಲ್ಲಿಂದಲೇ ಅಲ್ಲಿಯ ನೋಡ್‌ ಒಳಗೆ, ಹೋದ ಕೂಡಲೇ ಟೀಮಕ್ಸ್ ತೆರೆಯಿರಿ, ಸಂಪರ್ಕ ಕಡಿದರೂ ಕೆಲಸ ನಿಲ್ಲದ ಹಾಗೆ ನೋಡುವ ಪ್ರೋಗ್ರಾಂ ಅದು. ಬಳ್ಳಾರಿಯ ಮೇ ತಿಂಗಳ ಕರೆಂಟು ನಿಮಗೆ ಗೊತ್ತು. ಇಲ್ಲಿ ವೈಫೈ ಹೋದರೂ ಅಲ್ಲಿ ಕೆಲಸ ಮುಂದುವರಿಯಬೇಕು.

ಗಡಿಯಾರದ ಲೆಕ್ಕವೂ ಬೇಕು. ಬೇಸಿಗೆಯಲ್ಲಿ ಸಾಲ್ಟ್ ಲೇಕ್ ಸಿಟಿ ನಮಗಿಂತ ಹನ್ನೊಂದೂವರೆ ಗಂಟೆ ಹಿಂದೆ, ಅವರ ಚಳಿಗಾಲದಲ್ಲಿ ಹನ್ನೆರಡೂವರೆ. ನಮ್ಮ ರಾತ್ರಿ 9 ಅಂದರೆ ಬೇಸಿಗೆಯಲ್ಲಿ ಅವರ ಬೆಳಗ್ಗೆ 9:30. ಅಲ್ಲಿಯವರ ಸಹಾಯ ಬೇಕಾದ ಕೆಲಸ ರಾತ್ರಿ ಇಟ್ಟುಕೊಳ್ಳಿ, ಉಳಿದದ್ದು ಹಗಲು. ಗ್ರಾಂಟಿನ ಶುರು, ಕೊನೆ ಎರಡನ್ನೂ ಯುಟಿಸಿಯಲ್ಲೇ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ಅಂತರರಾಷ್ಟ್ರೀಯ ಸಮಯದಲ್ಲೇ, ಬರೆಯಿರಿ. ನಮ್ಮ ಟೈಮ್ ಹಾಕಿ ಅದನ್ನೇ ಯುಟಿಸಿ ಅಂತ ಕಳಿಸಿದರೆ ಗ್ರಾಂಟ್ ಐದೂವರೆ ಗಂಟೆ ತಡವಾಗಿ ಶುರುವಾಗುತ್ತದೆ, ಮತ್ತೆ ನೀವು ಅದು ಯಾಕೆ ಕೆಲಸ ಮಾಡುತ್ತಿಲ್ಲ ಅಂತ ಅರ್ಧ ದಿನ ಹುಡುಕುತ್ತೀರಿ.

ಹದಿನೈದು ದಿನದ ಕೆಲಸ ಇಷ್ಟು. ಎರಡು ಎಲಿಮೆಂಟ್ ಮಾಡಿ. ಒಂದಕ್ಕೆ ಮೇಲ್ಭಾಗ ಅಂತ, ಇನ್ನೊಂದಕ್ಕೆ ಕೊನೆಭಾಗ ಅಂತ ಹೆಸರಿಡಿ, ತಲೆಯಲ್ಲಿ ನಿಲ್ಲುತ್ತದೆ. ವೆಬ್ ಪೇಜ್‌ನಲ್ಲಿ ಕೈಯಾರೆ ಗ್ರಾಂಟ್ ಕೇಳಿ ನೋಡಿ. ಎರಡೂ ಕಡೆಯಿಂದ ಒಂದೇ ಫ್ರೀಕ್ವೆನ್ಸಿ, ಒಂದೇ ಹೊತ್ತು ಕೇಳಿ, ಯಾರಿಗೆ ಇಲ್ಲ ಅನ್ನುತ್ತದೆ ನೋಡಿ. ಆಮೇಲೆ ಅದನ್ನೇ ಪೈಥಾನ್ ಸ್ಕ್ರಿಪ್ಟಿನಿಂದ ಟೋಕನ್ ಕೊಟ್ಟು ಮಾಡಿ. ರೇಡಿಯೋ ಬದಲು, ಆನ್ ಅಥವಾ ಆಫ್ ಅಂತ ಹೊತ್ತಿನ ಸಮೇತ ಒಂದು ಸಾಲು ಬರೆಯುವ ಪ್ರೋಗ್ರಾಂ ಇರಲಿ. ಅದೇ ನಿಮ್ಮ ಮೊದಲ ರೇಡಿಯೋ. ಕೊಟ್ಟ ಗ್ರಾಂಟನ್ನು ನಡುವೆ ವಾಪಸ್ ಪಡೆಯಿರಿ. ಸರ್ವರ್ ಕಂಟೇನರ್ ನಿಲ್ಲಿಸಿಬಿಡಿ. ನೆಟ್‌ವರ್ಕ್ ಕತ್ತರಿಸಿ. ಪ್ರತಿ ಸಲ ಆಫ್ ಅನ್ನುವ ಸಾಲು ಎಷ್ಟು ಸೆಕೆಂಡಿಗೆ ಬಂತು ಅಂತ ಬರೆದಿಡಿ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಾನು ಮೊದಲ ಸಲ ಇಂಥದ್ದನ್ನು ಕಟ್ಟಿದಾಗ ಹಾರ್ಟ್‌ಬೀಟ್ ಕಳಿಸುವ ಸ್ಕ್ರಿಪ್ಟನ್ನು ಮನೆಯ ಲ್ಯಾಪ್‌ಟಾಪ್‌ನಲ್ಲಿ ಓಡಿಸುತ್ತಿದ್ದೆ, ಸಿಗ್ನಲ್ ಬಿಡುವ ಪ್ರೋಗ್ರಾಂ ದೂರದ ನೋಡ್‌ನಲ್ಲಿತ್ತು. ಕಂಟೋನ್ಮೆಂಟ್ ಕಡೆ ಒಂದು ಮಧ್ಯಾಹ್ನ ಕರೆಂಟ್ ಹೋಯಿತು, ರೌಟರ್ ಆಫ್ ಆಯಿತು. ಹಾರ್ಟ್‌ಬೀಟ್ ನಿಂತಿತು, ಗ್ರಾಂಟ್ ಮುಗಿಯಿತು, ಸರ್ವರ್ ಆ ಚಾನೆಲನ್ನು ಇನ್ನೊಬ್ಬ ಬಳಕೆದಾರನಿಗೆ ಕೊಟ್ಟಿತು. ನನ್ನ ಸಿಗ್ನಲ್ ಮಾತ್ರ ಎರಡು ಗಂಟೆ ಹಾಗೇ ಹೋಗುತ್ತಿತ್ತು. ನಿಲ್ಲು ಅಂತ ಅದಕ್ಕೆ ಹೇಳಬೇಕಾಗಿದ್ದ ಸ್ಕ್ರಿಪ್ಟೇ ಸತ್ತಿತ್ತು. ಎಲ್ಲವೂ ಸಿಮ್ಯುಲೇಶನ್ ಆಗಿದ್ದರಿಂದ ಯಾರಿಗೂ ತೊಂದರೆ ಆಗಲಿಲ್ಲ. ಅವತ್ತೇ ಎಲ್ಲ ಬದಲಾಯಿಸಿದೆ. ಈಗ ಸಿಗ್ನಲ್ ಬಿಡುವ ಪ್ರೋಗ್ರಾಂ ಅನುಮತಿಯ ಕೊನೆಯ ಹೊತ್ತನ್ನು ತನ್ನ ಹತ್ತಿರವೇ ಇಟ್ಟುಕೊಂಡಿರುತ್ತದೆ, ಪ್ರತಿ ಸೆಕೆಂಡ್ ನೋಡಿಕೊಳ್ಳುತ್ತದೆ, ಹೊಸ ಹೊತ್ತು ಬಾರದಿದ್ದರೆ ಯಾರ ಮಾತಿಗೂ ಕಾಯದೆ ತಾನೇ ನಿಲ್ಲುತ್ತದೆ. ಹಾರ್ಟ್‌ಬೀಟ್ ಕಳಿಸುವುದು, ಸಿಗ್ನಲ್ ಬಿಡುವುದು ಎರಡೂ ಅಲ್ಲಿಯ ನೋಡ್‌ನಲ್ಲೇ ಇರಲಿ. ನಿಮ್ಮ ಲ್ಯಾಪ್‌ಟಾಪ್ ನೋಡುವುದಕ್ಕೆ ಮಾತ್ರ.

ಇದೆಲ್ಲ ಸರಿಯಾಗಿ ನಡೆದ ಮೇಲೆ ನಿಜವಾದ ರೇಡಿಯೋ. ಅದರಲ್ಲೂ ಮೊದಲು ಕೇಬಲ್‌ನಲ್ಲಿ ಜೋಡಿಸಿದ ರೇಡಿಯೋಗಳು. ಪೌಡರ್‌ನಲ್ಲಿ ಯುಎಸ್‌ಆರ್‌ಪಿ ಎಕ್ಸ್310 ರೇಡಿಯೋಗಳನ್ನು ಆಂಟೆನಾ ಇಲ್ಲದೆ ಕೇಬಲ್, ಸಿಗ್ನಲ್ ಕುಗ್ಗಿಸುವ ಅಟೆನ್ಯುಯೇಟರ್ ಮೂಲಕ ಜೋಡಿಸಿಟ್ಟಿದ್ದಾರೆ. ಅಲ್ಲಿ ತಪ್ಪಾದರೂ ಗಾಳಿಗೆ ಏನೂ ಹೋಗುವುದಿಲ್ಲ. ಗ್ನೂ ರೇಡಿಯೋ ಅನ್ನುವ ಸಾಫ್ಟ್‌ವೇರ್‌ನಲ್ಲಿ ಒಂದು ಸರಳ ಟೋನ್ ಬಿಡಿ, ಇನ್ನೊಂದು ರೇಡಿಯೋದಲ್ಲಿ ನೋಡಿ. ಇಲ್ಲಿ ಒಂದು ಸೂಕ್ಷ್ಮ ಇದೆ. ನಿಲ್ಲಿಸುವುದು ಅಂದರೆ ಸೊನ್ನೆ ಸ್ಯಾಂಪಲ್ (ಸಿಗ್ನಲ್‌ನ ಅಂಕಿಗಳೆಲ್ಲ ಸೊನ್ನೆ) ಕಳಿಸುತ್ತಾ ಇರುವುದು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಸೊನ್ನೆ ಕಳಿಸಿದರೂ ರೇಡಿಯೋದ ಒಳಗಿನ ಆಸಿಲೇಟರ್ ಸ್ವಲ್ಪ ಸೋರುತ್ತದೆ, ನಡುವೆ ಒಂದು ತೆಳ್ಳನೆಯ ಗೆರೆ ಕಾಣುತ್ತದೆ. ಮುಚ್ಚಿದ ತೂಬಿನ ಸಂದಿಯಲ್ಲಿ ನೀರು ಜಿನುಗುವ ಹಾಗೆ. ಸ್ಟ್ರೀಮನ್ನೇ ನಿಲ್ಲಿಸಿ, ಆಮೇಲೆ ಇನ್ನೊಂದು ರೇಡಿಯೋದಲ್ಲಿ ಆ ಗೆರೆ ಹೋಯಿತಾ ಅಂತ ನೋಡಿ.

ಡೇಟಾ ವಿಷಯದಲ್ಲೂ ಎಚ್ಚರ. ಸೆಕೆಂಡಿಗೆ 2 ಕೋಟಿ ಸ್ಯಾಂಪಲ್, ಒಂದೊಂದು 4 ಬೈಟ್ ಅಂದರೆ ಸೆಕೆಂಡಿಗೆ 80 ಮೆಗಾಬೈಟ್. ಒಂದು ನಿಮಿಷ ರೆಕಾರ್ಡ್ ಮಾಡಿದರೆ 4.8 ಗಿಗಾಬೈಟ್. ಅದನ್ನು ಬಳ್ಳಾರಿಗೆ ಇಳಿಸಿಕೊಳ್ಳಲು ಹೋಗಬೇಡಿ. ಅಲ್ಲೇ ನೋಡ್‌ನಲ್ಲಿ ಎಫ್‌ಎಫ್‌ಟಿ ಹಾಕಿ, ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಪವರ್ ಇದೆ ಅಂತ ತೋರಿಸುವ ಲೆಕ್ಕ ಅದು. 1024 ಬಿನ್ (ಫ್ರೀಕ್ವೆನ್ಸಿಯ ತುಂಡು), ಸೆಕೆಂಡಿಗೆ 10 ಸಾಲು ಇಟ್ಟರೆ ಒಂದು ನಿಮಿಷಕ್ಕೆ ಎರಡೂವರೆ ಮೆಗಾಬೈಟೂ ಆಗುವುದಿಲ್ಲ. ನಿಮ್ಮ ಪ್ರಾಜೆಕ್ಟಿಗೆ ಅಷ್ಟು ಸಾಕು.

ಮಾಳಿಗೆಯ ಮೇಲಿನ ರೇಡಿಯೋಗಳನ್ನು ಬಳಸಿ ಗಾಳಿಯಲ್ಲಿ ಬಿಡುವುದಾದರೆ ಯಾವ ಫ್ರೀಕ್ವೆನ್ಸಿಯಿಂದ ಯಾವುದರವರೆಗೆ ಅಂತ ಪ್ರೊಫೈಲ್‌ನಲ್ಲೇ ಕೇಳಬೇಕು, ರೇಡಿಯೋ ಮತ್ತು ಸ್ಪೆಕ್ಟ್ರಮ್ ಎರಡನ್ನೂ ಮುಂಚೆ ರಿಸರ್ವ್ ಮಾಡಬೇಕು. ಮೂರು ತಿಂಗಳಲ್ಲಿ ಅಲ್ಲಿಗೆ ಮುಟ್ಟದಿದ್ದರೂ ನಿಮ್ಮ ಕೆಲಸಕ್ಕೆ ಕೊರತೆ ಆಗುವುದಿಲ್ಲ, ಇದನ್ನು ನಿಮ್ಮ ಗೈಡ್‌ಗೂ ಹೇಳಿ.

ಗ್ರಾಂಟ್ ಕೊಡುವಾಗ ಜಾಗ, ಎತ್ತರ ಎಲ್ಲ ಯಾಕೆ ಕೇಳುತ್ತಾರೆ ಅನ್ನುವುದಕ್ಕೆ ಒಂದು ಲೆಕ್ಕ ಮಾಡಿ ನೋಡಿ. 3600 ಮೆಗಾಹರ್ಟ್ಸ್‌ನಲ್ಲಿ, ನಡುವೆ ಏನೂ ಅಡ್ಡ ಇಲ್ಲದಿದ್ದರೆ, 1 ಕಿಲೋಮೀಟರ್‌ಗೆ ಸಿಗ್ನಲ್ ಸುಮಾರು 103.6 ಡೆಸಿಬೆಲ್ ಕುಗ್ಗುತ್ತದೆ. 1 ವ್ಯಾಟ್, ಅಂದರೆ ಪವರ್ ಅಳತೆಯಲ್ಲಿ 30 ಡಿಬಿಎಂ ಬಿಟ್ಟರೆ ಅಲ್ಲಿ ಮೈನಸ್ 73.6 ಡಿಬಿಎಂ ಸಿಗುತ್ತದೆ. 10 ಕಿಲೋಮೀಟರ್‌ನಲ್ಲಿ ಮೈನಸ್ 93.6. 10 ಮೆಗಾಹರ್ಟ್ಸ್ ಅಗಲಕ್ಕೆ ಸಹಜವಾದ ಗದ್ದಲವೇ ಮೈನಸ್ 104ರ ಹತ್ತಿರ ಇರುತ್ತದೆ. ಅಂದರೆ 10 ಕಿಲೋಮೀಟರ್ ಆಚೆಗೂ ನಿಮ್ಮ 1 ವ್ಯಾಟ್ ಗದ್ದಲಕ್ಕಿಂತ 10 ಡೆಸಿಬೆಲ್ ಜೋರಾಗಿ ಕೇಳಿಸುತ್ತದೆ! ಆದರೆ ಬಳ್ಳಾರಿ ಗುಡ್ಡದ ಈ ಕಡೆ ನಿಂತು ಬಿಟ್ಟರೆ ಗುಡ್ಡದ ಬೆನ್ನಿಗೆ, ಅರ್ಧ ಕಿಲೋಮೀಟರ್‌ಗೇ ಸಿಗದೆ ಹೋಗಬಹುದು. ಗುಡ್ಡದ ತುದಿಯಲ್ಲಿ ಇಟ್ಟರೆ ಅದೇ 1 ವ್ಯಾಟ್ ಊರಾಚೆಗೂ ಮುಟ್ಟುತ್ತದೆ. ಡಿಎಸ್‌ಟಿಯಲ್ಲಿ ನಕ್ಷೆಗಳು ಇರುವುದು ಇದಕ್ಕೇ. ಒಂದೇ ಚಾನೆಲನ್ನು ಗುಡ್ಡದ ಎರಡೂ ಬದಿಗೆ ಕೊಡಬಹುದಾ ಅನ್ನುವ ಪ್ರಶ್ನೆಗೆ ಉತ್ತರ ನೆಲದ ಆಕಾರದಲ್ಲಿದೆ.

ಒಂದು ಮಾತು ಕಟ್ಟುನಿಟ್ಟಾಗಿ ಹೇಳಬೇಕು. ಯಾರಾದರೂ ಎರಡು ದಿನಕ್ಕೆ ರೇಡಿಯೋ ಕೊಟ್ಟರು ಅಂತ ಅಲ್ಲಿಯ ಕಾನ್ಫಿಗ್ ಫೈಲನ್ನೇ ತಂದು ಕಾಲೇಜಿನಲ್ಲಿ ಓಡಿಸಬೇಡಿ. ಅಮೆರಿಕದಲ್ಲಿ ಹಂಚಿಕೊಳ್ಳುವ 3550 ಮೆಗಾಹರ್ಟ್ಸ್ ಇಲ್ಲಿ 5ಜಿ ಪಟ್ಟಿ. 3300ರಿಂದ 3670ರವರೆಗೆ 2022ರ ಹರಾಜಿಗೆ ಇಟ್ಟದ್ದು ಅದನ್ನೇ. ಅಲ್ಲಿ ಸಿಗ್ನಲ್ ಬಿಟ್ಟರೆ ಅಕ್ಕಪಕ್ಕದವರ ಫೋನ್ ಕೆಡುತ್ತದೆ, ಕಾನೂನಿನ ಪ್ರಕಾರವೂ ಅಪರಾಧ. ಕಾಲೇಜಿನಲ್ಲಿ ರೇಡಿಯೋ ಇಟ್ಟು ಪ್ರಯೋಗ ಮಾಡುವುದಾದರೆ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದಿಂದ ಪ್ರಯೋಗದ ಲೈಸೆನ್ಸ್ ಪಡೆಯಬೇಕು, ಅದನ್ನು ಗೈಡ್ ಮೂಲಕ ಕಾಲೇಜೇ ಮಾಡಲಿ. ನಿಮಗೆ ಈಗ ಅದರ ಅಗತ್ಯ ಇಲ್ಲ.

ಪ್ರಾಜೆಕ್ಟಿಗೆ ಏನು ಮಾಡಲಿ ಅನ್ನುವುದಕ್ಕೆ ನನ್ನ ಸಲಹೆ ಇದು: ಗ್ರಾಂಟ್ ವಾಪಸ್ ಪಡೆದ ಕ್ಷಣದಿಂದ ಗಾಳಿ, ಅಥವಾ ಕೇಬಲ್, ನಿಜವಾಗಿ ಸುಮ್ಮನಾಗುವವರೆಗೆ ಎಷ್ಟು ಹೊತ್ತು ಬೇಕು ಅಂತ ಅಳೆಯಿರಿ. ನಿಮ್ಮ ಪ್ರೋಗ್ರಾಂ 10 ಸೆಕೆಂಡಿಗೊಮ್ಮೆ ಸರ್ವರನ್ನು ಕೇಳಿದರೆ ಕೇಳುವುದಕ್ಕೇ ಸರಾಸರಿ 5 ಸೆಕೆಂಡ್ ತಡ ಆಗುತ್ತದೆ. 1 ಸೆಕೆಂಡಿಗೊಮ್ಮೆ ಕೇಳಿದರೆ ಅರ್ಧ ಸೆಕೆಂಡ್, ಆದರೆ ನೂರು ರೇಡಿಯೋ ಹಾಗೆ ಕೇಳಿದರೆ ಸರ್ವರ್ ಏನಾಗುತ್ತದೆ? ಪ್ರೋಗ್ರಾಂ ನಿಲ್ಲಿಸಿದೆ ಅಂತ ಬರೆದ ಹೊತ್ತು ಒಂದು, ಇನ್ನೊಂದು ರೇಡಿಯೋ ನೋಡಿದ ಹೊತ್ತು ಇನ್ನೊಂದು, ಎರಡರ ನಡುವಿನ ಅಂತರ ಎಷ್ಟು? ಸರ್ವರ್ ಪೂರ್ತಿ ಬಿದ್ದಾಗ ಎಷ್ಟು? ಇಷ್ಟನ್ನು ಪ್ರಾಮಾಣಿಕವಾಗಿ, ಪ್ರತಿ ಸಂದರ್ಭಕ್ಕೂ ಐವತ್ತು ಸಲ ಅಳೆದರೆ ಒಳ್ಳೆಯ ಕೆಲಸ ಆಗುತ್ತದೆ. ಸರಾಸರಿ ಮಾತ್ರ ಬರೆಯಬೇಡಿ, ಎಲ್ಲಕ್ಕಿಂತ ತಡವಾದದ್ದು ಎಷ್ಟು ಅಂತಲೂ ಬರೆಯಿರಿ. ಕೊನೆ ಭಾಗದ ಹೊಲಕ್ಕೆ ನೀರು ತಪ್ಪುವುದು ಆ ಒಂದು ತಡದ ದಿನವೇ.

ಈ ವಾರ ಒಂದು ನೋಡ್‌ನಲ್ಲಿ ಓಪನ್‌ಝಡ್‌ಎಂಎಸ್ ಏಳಿಸಿ, ಎರಡು ಎಲಿಮೆಂಟ್ ಮಾಡಿ, ಆನ್ ಆಫ್ ಸ್ಕ್ರಿಪ್ಟ್ ಬರೆದು ಮೊದಲ ಹತ್ತು ಅಳತೆ ತೆಗೆಯಿರಿ. ಸ್ಕ್ರಿಪ್ಟ್, ಲಾಗ್ ಫೈಲ್ ಎರಡನ್ನೂ ನನಗೆ ಕಳಿಸಿ, ಲಾಗಿನಲ್ಲಿ ಹೊತ್ತು ಯುಟಿಸಿಯಲ್ಲಿರಲಿ, ಸೆಕೆಂಡಿನ ಆಚೆ ಮೂರು ಅಂಕಿ ಇರಲಿ.